ಡಬ್ಬಿ ತಪ್ಪಿದ ಕೇಕು

ಗುರುವಾರ, ಮಧ್ಯಾಹ್ನ

ಚಿಣ್ಣಿಯ ಅಪ್ಪನಿಗೆ,

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ, ಕಾಗದ ಬೆಳಕಿಗೆ ಹಿಡಿದರೆ ಕಾಣುತ್ತದೆ. ಮಗಳನ್ನು ಕರೆದುಕೊಂಡು ನೀವು ಅತ್ತೆಯ ಮನೆಗೆ ಹೋಗಿ ಹನ್ನೊಂದು ತಿಂಗಳಾಯಿತು. ಹೋಗುವಾಗ ಸ್ವಲ್ಪ ದಿನ ಎಂದಿದ್ದಿರಿ. ನಿಮ್ಮ ಸ್ವಲ್ಪ ಎಂದರೆ ಎಷ್ಟು ಎಂದು ಕೇಳುವ ಬಾಯಿ ನನಗಿಲ್ಲ. ಆದರೆ ಬರುವ ಭಾನುವಾರ ನಮ್ಮ ‘ಬಾಗಿಲು ಹಾಕೋ ರಜೆ’. ನಿಮ್ಮ ಪ್ರೆಸ್ಸು, ನನ್ನ ಬೇಕರಿ, ಅವಳ ಶಾಲೆ ಮೂರಕ್ಕೂ ಒಟ್ಟಿಗೆ ಬಿಡುವು ಸಿಗುವುದು ವರ್ಷಕ್ಕೊಮ್ಮೆ. ಅವತ್ತು ಚಿಲಕ ಹಾಕಿ, ಯಾರು ಬಡಿದರೂ ತೆಗೆಯದೆ, ಮೂವರೂ ನೆಲದ ಮೇಲೆ ಕೂತು ಮಸಾಲೆ ಹಾಕಿದ ಕ್ಯಾರೆಟ್ ಕೇಕು ತಿನ್ನುವ ಪದ್ಧತಿ ಶುರುಮಾಡಿದವರೇ ನೀವು. ಅವಳನ್ನು ಕರೆದುಕೊಂಡು ಬನ್ನಿ. ಕಾಲಿಗೆ ಬೀಳುತ್ತಿದ್ದೇನೆ ಎಂದೇ ತಿಳಿದುಕೊಳ್ಳಿ.

ಹೋದ ವರ್ಷ ಆ ಕೇಕು ತಿಂದೇ ಅವಳು ಉಸಿರಿಗೆ ಒದ್ದಾಡಿದಳು. ಅಕ್ರೋಟು ಅವಳ ಮೈಗಾಗುವುದಿಲ್ಲ ಎಂದು ಗೊತ್ತಿದ್ದೂ, ಚಕ್ಕೆಪುಡಿ ಎಂದುಕೊಂಡು ಅಕ್ರೋಟು ಪುಡಿಯ ಡಬ್ಬಿ ತೆಗೆದುಬಿಟ್ಟೆ ಎಂದು ಅವತ್ತೇ ಹೇಳಿದೆ. ಅತ್ತೆ ನಂಬಲಿಲ್ಲ. ಹದಿನಾಲ್ಕು ವರ್ಷ ಬೇಕರಿಯಲ್ಲಿ ಹಿಟ್ಟು ಕಲಸಿದವಳ ಮೂಗಿಗೆ ಚಕ್ಕೆ ಯಾವುದು, ಅಕ್ರೋಟು ಯಾವುದು ತಿಳಿಯದೇ ಎಂದರು. ನೀವು ನನ್ನ ಪರ ನಿಂತು ಅವರ ಬಾಯಿ ಮುಚ್ಚಿಸಿದಿರಿ. ಆದರೂ ತಿಂಗಳು ಕಳೆಯುವುದರೊಳಗೆ ಅವಳನ್ನು ಕರೆದುಕೊಂಡು ಅಲ್ಲಿಗೇ ಹೋದಿರಿ.

ಈಗ ಅಡುಗೆಮನೆ ನೋಡಿದರೆ ನಿಮಗೆ ಗುರುತು ಸಿಗಲಿಕ್ಕಿಲ್ಲ. ಹಳೆಯ ತುರಿಯುವ ಮಣೆ, ಕೇಕಿನ ಪಾತ್ರೆ, ಮರದ ಸೌಟು ಎಲ್ಲವನ್ನೂ ಎಸೆದು ಹೊಸದು ತಂದಿದ್ದೇನೆ. ಕಪಾಟನ್ನು ಬಿಸಿನೀರಿನಲ್ಲಿ ಮೂರು ಸಲ ಉಜ್ಜಿದೆ. ಬೇಕರಿಯಿಂದ ಬಂದವಳು ತಲೆಗೆ ಸ್ನಾನ ಮಾಡಿ, ಬೇರೆ ಬಟ್ಟೆ ಉಟ್ಟ ಮೇಲೇ ಒಳಗೆ ಕಾಲಿಡುವುದು. ಈ ವಾರ ಮೂರು ಕೇಕು ಮಾಡಿ ನೋಡಿದೆ. ಮೊದಲನೆಯದಕ್ಕೆ ಕ್ಯಾರೆಟ್ ತುರಿಯ ನೀರು ಹಿಂಡದೆ ಹಾಕಿದ್ದಕ್ಕೆ ನಡುವೆ ಕುಸಿದು ಕೂತಿತು. ಎರಡನೆಯದು ಲವಂಗ ಜಾಸ್ತಿಯಾಗಿ ಹಲ್ಲುನೋವಿನ ಔಷಧಿಯಂತಾಯಿತು. ಮೂರನೆಯದು ಚೆನ್ನಾಗಿ ಬಂತು, ಆದರೆ ತಿನ್ನುವವರು ಯಾರು? ಬೇಕರಿಯ ಯಜಮಾನರಿಗೆ ಒಂದು ತುಂಡು ಕೊಟ್ಟೆ. ಒಂದು ಹಿಡಿ ಅಕ್ರೋಟು ಬಿದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು ಎಂದರು, ಪಾಪ, ಅವರಿಗೇನು ಗೊತ್ತು. ಹಿಟ್ಟಿನ ಮೂಟೆಗಳ ಹಿಂದೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತೆ.

ನಿನ್ನೆ ಚಿಣ್ಣಿಯ ಲಕೋಟೆ ಬಂತು. ನಿಮ್ಮ ಪ್ರೆಸ್ಸಿನ ಗುಲಾಬಿ ಕಾಗದದ ಚೂರುಗಳ ಮೇಲೆ ನನ್ನ ಡಬ್ಬಿಗಳ ಹೆಸರೆಲ್ಲ ಬರೆದಿದ್ದಾಳೆ, ಸಕ್ಕರೆ, ಚಕ್ಕೆ, ಶುಂಠಿ. ಅಕ್ರೋಟಿನ ಚೀಟಿಗೆ ಕೋರೆಹಲ್ಲಿನ ಕೆಂಪು ಮುಖ. ಜೊತೆಗೆ ಎರಡು ಸಾಲು: “ಅಮ್ಮಾ, ಇದನ್ನೆಲ್ಲ ಅಂಟಿಸ್ಕೋ, ಇನ್ಮೇಲೆ ನಿಂಗೆ ತಪ್ಪಾಗಲ್ಲ. ನಮ್ಮಮ್ಮ ಬೇಕಂತ ಮಾಡಿಲ್ಲ ಅಂತ ಅಜ್ಜಿ ಹತ್ರ ದಿನಾ ಜಗಳ ಆಡ್ತೀನಿ.” ಎಂಟು ವರ್ಷದ ಮಗು. ಚೀಟಿಗಳನ್ನು ಇನ್ನೂ ಯಾವ ಡಬ್ಬಿಗೂ ಅಂಟಿಸಿಲ್ಲ.

ಭಾನುವಾರ ಬಸ್‌ಸ್ಟ್ಯಾಂಡಿಗೆ ನಾನೇ ಬರುತ್ತೇನೆ. ಒಂದು ಹೊತ್ತು ಇದ್ದು ಹೋದರೂ ಸಾಕು. ಅವಳ ಮುಖ ನೋಡದೆ ಇನ್ನೊಂದು ತಿಂಗಳು ತಳ್ಳುವುದು ನನ್ನಿಂದಾಗದು.

ಇನ್ನೂ ನಿಮ್ಮವಳೆಂದೇ ಅಂದುಕೊಂಡಿರುವ,
ಚಿಣ್ಣಿಯ ಅಮ್ಮ

ಮರೆತದ್ದು: ಮರೆತದ್ದಲ್ಲ, ಬರೆಯದೆ ಬಿಟ್ಟದ್ದು. ಅಂಚೆಪೆಟ್ಟಿಗೆಯವರೆಗೆ ಹೋಗಿ ವಾಪಸು ಬಂದು ಲಕೋಟೆ ಒಡೆದಿದ್ದೇನೆ. ಡಬ್ಬಿ ತಪ್ಪಿರಲಿಲ್ಲ. ಬೇಕೆಂದೇ ಹಾಕಿದೆ, ಒಂದು ಚಮಚ, ನುಣ್ಣಗೆ ಪುಡಿ ಮಾಡಿ. ಅಕ್ರೋಟು ಮುಟ್ಟಿಸಬೇಡಿ ಎಂಬ ಡಾಕ್ಟರ ಮಾತು ಅತ್ತೆಯ ಬಾಯಿಂದ ಕೇಳಿ ಕೇಳಿ ನನಗೆ ರೋಸಿಹೋಗಿತ್ತು. ಚೂರು ಚೂರು ತಿನ್ನಿಸಿದರೆ ಒಗ್ಗಿಹೋಗುತ್ತದೆ, ಆಮೇಲೆ ನೋಡಿದಿರಾ ಎಂದು ಅವರಿಗೆ ಹೇಳಬೇಕು ಎಂದಿತ್ತು. ಆಸ್ಪತ್ರೆಯಲ್ಲಿ ಏನು ತಿಂದಳು ಎಂದು ಎರಡು ಸಲ ಕೇಳಿದರು. ಎರಡು ಸಲವೂ ಬರೀ ಕ್ಯಾರೆಟ್ ಎಂದೆ. ಅವಳ ತುಟಿ ನೀಲಿಯಾದ ಮೇಲೆ ಡಬ್ಬಿಯ ಕತೆ ಕಟ್ಟಿದೆ. ಅತ್ತೆ ಹೇಳಿದ್ದೇ ಸರಿ. ಇದನ್ನು ಓದಿದ ಮೇಲೂ ಬರುವುದಾದರೆ, ಅವಳ ಊಟತಿಂಡಿ ನೀವೇ ಕಟ್ಟಿಕೊಂಡು ಬನ್ನಿ. ನಾನು ಕೇಕು ಮಾಡಿಯೇ ಇರುತ್ತೇನೆ, ಏನೂ ಹಾಕಿಲ್ಲ ಎಂದು ಆಣೆಯನ್ನೂ ಇಡುತ್ತೇನೆ. ಅವಳಿಗೆ ಕೊಡಬೇಡಿ.