ಒಂಟಿ ಕರು ಕಂಡರೆ ಇಳಿಯಬೇಡಿ

ಬೋರಗಾಂವ
೧೮ ನವೆಂಬರ್ ೨೦೨೪

ಪ್ರೀತಿಯ ತಂಗಿ ಸೋನಾಲಿಗೆ,

ನಿನ್ನ ಅಕ್ಕ ಸತ್ತೆವ್ವನ ಆಶೀರ್ವಾದ. ಇಲ್ಲಿ ಎಲ್ಲರೂ ಆರಾಮ ಎಂದು ಬರೆಯಲು ಮನಸ್ಸು ಬರುತ್ತಿಲ್ಲ. ಅತ್ತೆಯವರ ಕೆಮ್ಮು ಕಡಿಮೆಯಾಗಿದೆ, ಕುರಿಗಳು ಮೇಯುತ್ತಿವೆ, ಅಷ್ಟು ತಿಳಿದುಕೋ. ಉತ್ತರ ತಡವಾಯಿತೆಂದು ಸಿಟ್ಟಾಗಬೇಡ. ನೀನು ರಾಯಬಾಗದಿಂದ ಫೋನ್ ಮಾಡಿ "ಅಕ್ಕಾ, ರಜೆಗೆ ನಾವೂ ಕಾಡ ನೋಡಾಕ ಹೊಂಟೇವಿ, ಏನೇನ ತಯಾರಿ ಬೇಕ ಹೇಳ" ಎಂದಾಗ ಫೋನ್ ಇಟ್ಟುಬಿಟ್ಟೆ. ಬಾಯಲ್ಲಿ ಬಾರದ್ದನ್ನು ಬರೆದಾದರೂ ಹೇಳೋಣ ಎಂದು ಕುಳಿತಿದ್ದೇನೆ.

ಹೋಗಲೇಬೇಡ ಎಂದು ಮೊದಲು ಒಂದು ಕಾಗದ ಬರೆದು ಹರಿದುಹಾಕಿದೆ. ಮಕ್ಕಳು ಆಸೆಪಟ್ಟಿವೆ, ಹೋಗಿ ಬನ್ನಿ. ಆದರೆ ನಾನು ಹೇಳಿದ ಹಾಗೆ ಹೋಗಿ.

ರಾಷ್ಟ್ರೀಯ ಉದ್ಯಾನ ಅಂದರೆ ಹೂವಿನ ತೋಟವಲ್ಲ ನಮ್ಮವ್ವಾ. ಸಫಾರಿ ಜೀಪಿನ ಸೀಟು ಮನೆಯಿಂದಲೇ ಬುಕ್ ಮಾಡಿಕೊಳ್ಳಿ, ಎಲ್ಲರ ಆಧಾರ್ ಕಾರ್ಡ್ ಜೊತೆಗಿರಲಿ. ಹೋದ ವರ್ಷ ನಾವು ಬುಕ್ ಮಾಡದೇ ಹೋದೆವು. ಸೀಟಿಲ್ಲ ಎಂದರು. ಬಂದಿದ್ದೇವಲ್ಲ ಎಂದು ಬಾಡಿಗೆ ಗಾಡಿಯಲ್ಲೇ ಕಾಡಿನ ನಡುವಿನ ಡಾಂಬರು ರಸ್ತೆ ಹಿಡಿದೆವು. ಜೀಪಾಗಿದ್ದರೆ ಗೈಡ್ ಯಾರನ್ನೂ ಕೆಳಗಿಳಿಯಲು ಬಿಡುತ್ತಿರಲಿಲ್ಲ. ಒಳಗೆ ಫೋನ್ ಹತ್ತುವುದಿಲ್ಲ. ಯಾವ ಗೇಟಿನಿಂದ ಹೋಗುತ್ತೀರಿ, ಎಷ್ಟು ಹೊತ್ತಿಗೆ ಹೊರಬರುತ್ತೀರಿ ಎಂದು ಮನೆಯಲ್ಲಿ ಹೇಳಿಯೇ ಹೊರಡಿ. ನಾವು ಹೇಳಿರಲಿಲ್ಲ. ಅತ್ತೆಯವರು ಮಗನಿಗೆಂದು ರೊಟ್ಟಿ ಬಡಿದಿಟ್ಟು ದಾರಿ ಕಾಯುತ್ತ ಕುಳಿತಿದ್ದರಂತೆ. ನಿನ್ನ ಆ ಕೆಂಪು ಸೀರೆ ಬೇಡ, ಮಾಸಲು ಬಣ್ಣದ್ದು ಉಟ್ಟುಕೋ. ಅತ್ತರು ಗಿತ್ತರು ಹಚ್ಚಬೇಡ. ಮಂಗಗಳಿಗೆ ಶೇಂಗಾ ಹಾಕಲು ಮಕ್ಕಳನ್ನು ಬಿಡಬೇಡ. ನೀರು ಒಯ್ಯಿರಿ, ಬುತ್ತಿ ಮಾತ್ರ ಗೇಟಿನ ಹೊರಗೇ ಬಿಚ್ಚಿರಿ. ಬೆಳಕಿರುವಾಗಲೇ ಹೊರಬಂದುಬಿಡಿ.

ಇನ್ನು ಮಲಕಾರಿಯ ವಿಷಯ. ನನಗಿರುವ ಚಿಂತೆಯೆಲ್ಲ ನಿನ್ನ ಗಂಡನದೇ. ಅವನೂ ನಮ್ಮವರ ಹಾಗೆ ಕುರಿಯ ಹಿಂದೆಯೇ ಬೆಳೆದವನು. ಒಂಟಿ ಮರಿ ಕಂಡರೆ, ಅದು ಯಾರ ಹಿಂಡಿನದೇ ಇರಲಿ, ಎತ್ತಿ ಹೆಗಲಿಗೆ ಹಾಕಿಕೊಂಡು ತಾಯಿಯ ಹತ್ತಿರ ಬಿಡುವುದು ನಮ್ಮ ಮಂದಿಯ ರೂಢಿ. ಬಿಟ್ಟು ಬಂದವನನ್ನು ಹಿರಿಯರು ಮನೆಯೊಳಗೆ ಕರೆಯದೆ ಬೈಯುವುದನ್ನು ನೀನೂ ನೋಡಿದ್ದೀ.

ಆ ದಿನ ರಸ್ತೆಯ ಬದಿಗೆ ಕಾಡುಕೋಣದ ಎಳೆಗರುವೊಂದೇ ನಿಂತಿತ್ತು. ನಮ್ಮವರು ಗಾಡಿ ನಿಲ್ಲಿಸಿ ಇಳಿದೇಬಿಟ್ಟರು. "ಕಾಡಿನಾಗ ಕರು ಒಂದ ಐತಿ ಅಂದ್ರ ತಪ್ಪಿಸಿಕೊಂಡೈತಿ ಅಂತಲ್ರಿ, ತಾಯಿ ಅಲ್ಲೇ ಗಿಡದ ಹಿಂದ ನಿಂತ ನೋಡಾಕತ್ತಿರ್ತೈತಿ" ಎಂದು ಅರಣ್ಯದವರು ಹೇಳಿದರು, ಎಲ್ಲ ಮುಗಿದ ಮೇಲೆ. ಆಮೇಲೆ ಹೇಳಿ ಏನು ಬಂತು!

ಊರಿನವರ ಬಾಯಿ ಇನ್ನೂ ನಿಂತಿಲ್ಲ. ಮೊನ್ನೆ ಗಿರಣಿಯ ಮುಂದೆ ನಾಮದೇವ ನನ್ನೆದುರಿಗೇ "ನಿನ್ನ ಗಂಡ ಮಾಳು ಸೆಲ್ಫಿ ಹೊಡ್ಕೊಳ್ಳಾಕ ಹೋಗಿ ಸತ್ತಾ" ಎಂದ. ಅವರ ಫೋನ್ ನನ್ನ ಚೀಲದಲ್ಲಿತ್ತು ಸೋನಾಲಿ, ಎಷ್ಟು ಮಂದಿಗೆ ಹೇಳಲಿ? "ನಿನ್ನ ನಾಲಿಗಿಗೆ ಹುಳ ಬೀಳ್ಲಿ" ಎಂದು ಬೈದು, ಹಿಟ್ಟು ಅಲ್ಲಿಯೇ ಬಿಟ್ಟು ಮನೆಗೆ ಬಂದು ಅತ್ತುಬಿಟ್ಟೆ.

ಅದಕ್ಕೇ ಹೇಳುತ್ತೇನೆ, ಮಲಕಾರಿಯನ್ನು ಬಾಗಿಲ ಪಕ್ಕ ಕೂರಿಸಬೇಡ. ಅಲ್ಲಿ ನೀನು ಕುಳಿತುಕೋ. ಒಂಟಿ ಮರಿ ಕಾಣಲಿ, ಕರು ಕಾಣಲಿ, ಅದು ಎಷ್ಟೇ ಒದರಲಿ, ಅವನ ಅಂಗಿ ಗಟ್ಟಿಯಾಗಿ ಹಿಡಿದುಕೋ. ಜಗಳವಾದರೆ ಆಗಲಿ. ಜಗಳವಾಡಲು ಗಂಡ ಇರಬೇಕಲ್ಲ.

ಮಕ್ಕಳಿಗೆ ನನ್ನ ಮುತ್ತು. ಹೋದವರೆಲ್ಲ ಎಣಿಸಿದಷ್ಟೇ ಮಂದಿ ತಿರುಗಿ ಬನ್ನಿ. ನಿನ್ನ ಹಣೆಯ ಕುಂಕುಮ ಬಹಳ ಕಾಲ ಇರಲಿ.

ನಿನ್ನ ಅಕ್ಕ,
ಸತ್ತೆವ್ವ

ತಾ.ಕ.: ಇದನ್ನು ಅತ್ತೆಯವರಿಗೂ ಹೇಳಿಲ್ಲ. ಮಲಕಾರಿಗೆ ಮಾತ್ರ ಓದಿ ಹೇಳು. ನಮ್ಮವರು ಆ ಕರುವನ್ನು ಎದೆಗೆ ಅವುಚಿಕೊಂಡು ನಿಂತಾಗ ಹಿಂದಿನ ಬಿದಿರಿನ ಮೆಳೆ ಅಲ್ಲಾಡಿತು. ಅವರೂ ಅದನ್ನು ನೋಡಿದರು. ನೋಡಿ ನನ್ನ ಕಡೆ ತಿರುಗಿ ನಕ್ಕರು. ಎಷ್ಟು ಖುಷಿಯಿತ್ತೇ ಆ ಮುಖದಲ್ಲಿ! "ಇನ್ನ ಚಿಂತಿ ಇಲ್ಲ ಬಿಡ, ಇದರವ್ವ ಬಂದ್ಲ" ಎಂದರು.