ಮೈಕಿನ ಎಡಗಡೆ

ಆರ್ಡಿತ್ ಅಕ್ಕಾ,

ಇವತ್ತು ನ್ಯಾಶ್‌ವಿಲ್‌ನಲ್ಲಿ ರೇಡಿಯೋ ಕಾರ್ಯಕ್ರಮದ ತಾಲೀಮಿತ್ತು. ಅಪ್ಪ ದುಡಿಯುತ್ತಿದ್ದ ಗಣಿಯ ಮೇಲೆ ನಾನು ಬರೆದೆನಲ್ಲ, ಆ ಹಾಡು. ಪಲ್ಲವಿ ಬಂದದ್ದೇ ನನ್ನ ಕಾಲು ತಾನಾಗಿ ಬಲಕ್ಕೆ ಸರಿಯಿತು. ಕೆಂಟಕಿಯ ಚರ್ಚುಗಳಲ್ಲಿ ಒಂದೇ ಮೈಕಿಗೆ ಇಬ್ಬರೂ ಹಾಡುವಾಗ ಎಡಗಡೆ ನಿನಗೆ ಹೀಗೇ ಜಾಗ ಬಿಡುತ್ತಿದ್ದೆ. ಇಡೀ ಪಲ್ಲವಿ ಯಾರಿಗೂ ಸರಿಯಾಗಿ ಕೇಳಲಿಲ್ಲವಂತೆ.

"ಏನಮ್ಮಾ, ಮೈಕು ಕಚ್ಚುತ್ತಾ?" ಅಂದ ಪಿಟೀಲು ಬಾರಿಸುವ ಹೋಬರ್ಟ್. ಎಲ್ಲರೂ ನಕ್ಕರು. ನಾನೂ ನಕ್ಕೆ, ಇನ್ನೇನು ಮಾಡಲಿ?

ಹನ್ನೊಂದು ವರ್ಷದ ಹಿಂದೆ ರೆಕಾರ್ಡ್ ಕಂಪನಿಯವರು ನನಗೊಬ್ಬಳಿಗೇ ಹೇಳಿದ್ದರು, ಒಂದು ದನಿ ಸಾಕು ಅಂತ. ನೀನು ನೀಲಿ ಫ್ರಾಕಿಗೆ ಇಸ್ತ್ರಿ ಹಾಕುತ್ತಾ, "ನಾಳೆ ಬಸ್ಸು ಎಷ್ಟೊತ್ತಿಗೇ?" ಅಂತ ಕೇಳಿದೆ.

"ರೆಕಾರ್ಡಿಂಗ್ ಮುಂದಕ್ಕೆ ಹಾಕಿದಾರಂತೆ ಕಣೇ" ಅಂದೆ. ಮಾರನೇ ಬೆಳಿಗ್ಗೆ ಒಬ್ಬಳೇ ನ್ಯಾಶ್‌ವಿಲ್ ಬಸ್ಸು ಹತ್ತಿದೆ. ಹೋದ ಚಳಿಗಾಲದಲ್ಲಿ ತೀರಿಕೊಳ್ಳುವವರೆಗೂ ನೀನು ಆ ಮಾತು ಎತ್ತಲಿಲ್ಲ. ಒಂದು ಸಲವಾದರೂ ಬೈದಿದ್ದರೆ ಏನಾಗುತ್ತಿತ್ತೇ ನಿನಗೆ?

ಹೋಬರ್ಟ್ ನನ್ನ ಕಾಲ ಬಳಿ ಸೀಮೆಸುಣ್ಣದಲ್ಲಿ ಗೆರೆ ಎಳೆದು, "ಇಲ್ಲೇ ನಿಂತ್ಕೋ, ಅಲ್ಲಾಡಬೇಡ" ಅಂದ.

ಎರಡನೇ ಸಲ ಗೆರೆ ದಾಟದೆ ಹಾಡಿದೆ ಅಕ್ಕಾ. ಏನೋ ಕಡಿಮೆಯಾಗಿದೆ ಅಂತ ಅಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ.