ನೀವು ನೀರು ಕುಡಿದ ಬಾವಿ

ಹೊಸ ಹೆದ್ದಾರಿಯ ಪರಿಸರ ಪರಿಶೀಲನೆಯ ಹೊಣೆ ಹೊತ್ತಿರುವ ಮಾನ್ಯರೇ,

ಕದರಮಂಡಲಗಿಯ ಆಚೆ, ನನ್ನ ಖಾಲಾ, ಅಂದರೆ ತಾಯಿಯ ಅಕ್ಕ, ಖತೀಜಾಬಿ ಅವರ ಹೊಲದಲ್ಲಿ ಬಾವಿಯೇ ಇಲ್ಲವೆಂದು ತಾವು ಬರೆದು ಕಳಿಸಿದ್ದೀರಿ. ಕಳೆದ ಏಪ್ರಿಲ್‌ನಲ್ಲಿ ನಾಲ್ಕು ದಿನ ಅದೇ ಬಾವಿಯ ನೀರನ್ನು ತಾವು ಕುಡಿದಿದ್ದೀರಿ. ಇಲ್ಲದ ಬಾವಿಯಿಂದ ನೀರು ಕುಡಿಯುವ ವಿದ್ಯೆ ತಮಗೆ ಸಿದ್ಧಿಸಿದ್ದರೆ ದಯವಿಟ್ಟು ಬ್ಯಾಡಗಿ ತಾಲೂಕಿನ ಜನರಿಗೂ ಕಲಿಸಿಕೊಡಿ. ಬರುವ ಸೋಮವಾರದಿಂದ ನಮಗದು ತುರ್ತಾಗಿ ಬೇಕಾಗುತ್ತದೆ. ಅಂದೇ ತಮ್ಮ ಜೆಸಿಬಿ ಬಂದು ಆ ಬಾವಿಗೆ ಮಣ್ಣು ತುಂಬಲಿದೆ.

ನಾನು ರಫೀಕ್. ಬ್ಯಾಡಗಿಯಲ್ಲಿ ಫೋಟೊ ಸ್ಟುಡಿಯೊ ಇಟ್ಟುಕೊಂಡವನು. ತಮ್ಮ ತಂಡ ಸ್ಥಳ ಪರಿಶೀಲನೆಗೆ ಬಂದಾಗ ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡು ಹಿಂದೆ ಹಿಂದೆ ಅಲೆದವನು. ಮೊದಲ ಮಧ್ಯಾಹ್ನವೇ ತಾವು ಬಿಸಿಲಿಗೆ ಬಸವಳಿದು ಬಾವಿಯ ಪಕ್ಕದ ಬೇವಿನ ಮರದಡಿ ಕುಸಿದು ಕುಳಿತಿರಿ. ಖಾಲಾ ತಾವು ಯಾರೆಂದು ಕೇಳಲಿಲ್ಲ. ನೀರಡಿಸಿ ಬಂದವರ ಹೆಸರು ಕೇಳಬಾರದೆಂಬುದು ಅವರ ಹಳೆಯ ಕಟ್ಟಳೆ. ಎಪ್ಪತ್ತರ ಮುದುಕಿ ಹಗ್ಗ ಜಗ್ಗಿ ನೀರು ಸೇದಿ, ಅಂಗೈ ಮೇಲೆ ಬೆಲ್ಲದ ತುಣುಕಿಟ್ಟು, ತಂಬಿಗೆ ಕೊಟ್ಟರು. "ಹೊಟ್ಟಿ ತುಂಬ ಕುಡೀರಿ ಸಾಹೇಬ್ರ, ಬತ್ತೂ ಬಾವಿ ಅಲ್ಲ ಇದು" ಎಂದರು. ತಾವು ಇನ್ನೊಂದು ತಂಬಿಗೆ ಕೇಳಿ ಕುಡಿದಿರಿ. ಸಂಜೆ ಹೊರಡುವಾಗ ಜೀಪಿನ ಕ್ಯಾನುಗಳನ್ನೂ ತುಂಬಿಸಿಕೊಂಡಿರಿ.

ಉಂಡ ಮನೆಯ ಜಂತಿ ಎಣಿಸಬಾರದು ಎನ್ನುತ್ತಾರೆ ನಮ್ಮಲ್ಲಿ. ತಾವು ಎಣಿಸಲಿಲ್ಲ, ಒಪ್ಪುತ್ತೇನೆ. ಮನೆಗೆ ಜಂತಿಯೇ ಇಲ್ಲವೆಂದು ಷರಾ ಬರೆದು ಹೋದಿರಿ.

ನಾಲ್ಕನೆಯ ದಿನ "ಜನರ ಜೊತೆಗೊಂದು ಫೋಟೊ ಇರಲಿ" ಎಂದು ತಾವೇ ಹೇಳಿದಿರಿ. ಖಾಲಾ ನೀರು ಹೊಯ್ಯುವುದು, ತಾವು ಕುಡಿಯುವುದು, ಹಿಂದೆ ಕಲ್ಲಿನ ಕಟ್ಟೆ, ರಾಟೆ, ಹಗ್ಗ, ಎಲ್ಲ ಸೇರಿ ಚೆಂದದ ಫೋಟೊ ಬಂತು. ಮಾನ್ಯರೇ, ಇಲ್ಲಿಂದ ಮುಂದಿನದು ನನ್ನ ಪಾಪ. ಮದುವೆ ಆಲ್ಬಮ್ ಮಾಡಿ ಪಳಗಿದ ಕೈ ನನ್ನದು. ಮುಖ ಬೆಳಗಿಸುವುದು, ಹಿಂದಿನದನ್ನು ಅಳಿಸುವುದು ನನಗೆ ಉಸಿರಾಡಿದಷ್ಟು ಸಹಜ. ದೊಡ್ಡ ಸಾಹೇಬರ ಫೋಟೊ ಅಲ್ಲವೇ ಎಂದುಕೊಂಡು, ಯಾರೂ ಹೇಳದಿದ್ದರೂ ಕಟ್ಟೆ, ರಾಟೆ, ಹಗ್ಗವನ್ನೆಲ್ಲ ಅಳಿಸಿ ಹಸಿರು ಬಳಿದು ಕೊಟ್ಟೆ. ತಾವು ಬೆನ್ನು ತಟ್ಟಿದಿರಿ. ನಾನು ಹಿಗ್ಗಿದೆ.

ಆ ಫೋಟೊ ತಮ್ಮ ವರದಿಯ ಇನ್ನೂರ ಹನ್ನೆರಡನೆಯ ಪುಟದಲ್ಲಿದೆ. ಅಡಿಯಲ್ಲಿ "ಯೋಜನೆಗೆ ಗ್ರಾಮಸ್ಥರ ಆತ್ಮೀಯ ಸ್ವಾಗತ" ಎಂಬ ಬರಹ. ಅದರ ಕೆಳಗಿನ ಸಾಲು, "ಕುಡಿಯುವ ನೀರಿನ ಮೂಲಗಳು: ಇಲ್ಲ." ಖಾಲಾ ತಕರಾರು ಅರ್ಜಿ ಕೊಟ್ಟರು. ತಮ್ಮ ಕಚೇರಿಯ ಉತ್ತರ ಹೀಗಿತ್ತು: "ಸದರಿ ಸ್ಥಳದಲ್ಲಿ ಬಾವಿ ಇರುವುದು ಕಂಡುಬಂದಿರುವುದಿಲ್ಲ. ಇದು ಛಾಯಾಚಿತ್ರದಿಂದಲೂ ದೃಢಪಟ್ಟಿರುತ್ತದೆ." ನನ್ನ ಸುಳ್ಳು ಫೋಟೊ ಸಾಕ್ಷಿಯಾಯಿತು. ತಮ್ಮ ಗಂಟಲಿಗೆ ಮಾತ್ರ ಸಾಕ್ಷಿ ಹೇಳಲು ಬರಲಿಲ್ಲವೇ? ತಮ್ಮದು ನನ್ನದರಂತೆ ಅರಿಯದೆ ಮಾಡಿದ ತಪ್ಪೂ ಅಲ್ಲ. ತಾವು ನಾಚಿಕೆಯನ್ನು ಬಿಟ್ಟು ಬರೆದಿರಿ, ಅಷ್ಟೆ.

ರಾಣೆಬೆನ್ನೂರಿನ ಕೃಷ್ಣಮೃಗಗಳು ಎಲ್ಲಿ ನೀರು ಕುಡಿಯುತ್ತವೆ ಎಂಬುದಕ್ಕೆ ಅದೇ ವರದಿಯಲ್ಲಿ ಹನ್ನೊಂದು ಪುಟಗಳಿವೆ. ಬಹಳ ಸಂತೋಷ. ಖಾಲಾನ ಸುತ್ತಮುತ್ತಲಿನ ಹೊಲಗಳಲ್ಲಿ ಮೆಣಸಿನಕಾಯಿ ಬಿಡಿಸುವ ನಲವತ್ತು ಹೆಂಗಸರು ಉರಿಯುವ ಕೈ ತೊಳೆದು ನೀರು ಕುಡಿಯುವುದು ಇದೊಂದೇ ಬಾವಿಯಲ್ಲಿ. ಅವರಲ್ಲೊಬ್ಬಳಾದ ಭರಮವ್ವನಿಗೆ ಎರಡು ಕೊಂಬಿದ್ದಿದ್ದರೆ ಅರ್ಧ ಪುಟವಾದರೂ ಸಿಗುತ್ತಿತ್ತೇ? ಅವಳೂ ತಮಗೊಂದು ಪ್ರಶ್ನೆ ಕಳಿಸಿದ್ದಾಳೆ: "ಬೋರಿನ ನೀರು ಸವಳು ಐತಿ, ಬಾಯಾಗ ಇಡಾಕ ಬರೂದಿಲ್ಲ. ಈ ಬಾವಿ ಮುಚ್ಚಿ ಅವ್ರು ನಮಗ ಡಾಂಬರ್ ಕುಡಸ್ತಾರೇನು?"

ಅಳಿಸದ ಮೂಲ ಫೋಟೊ ಈ ಪತ್ರದ ಜೊತೆಗಿದೆ. ಅದರಲ್ಲಿ ಬಾವಿ ಸ್ಪಷ್ಟವಾಗಿದೆ, ತಮ್ಮ ಗದ್ದದಿಂದ ಇಳಿಯುವ ನೀರೂ ಸ್ಪಷ್ಟವಾಗಿದೆ. ಇದನ್ನು ಅದೇ ಪುಟದಲ್ಲಿ ಅಂಟಿಸಿ, ಬಾವಿ ಇದೆ ಎಂದು ತಮ್ಮ ಕೈಯಿಂದಲೇ ಬರೆದು, ಸೋಮವಾರದ ಆದೇಶ ರದ್ದು ಮಾಡಿ. ಪಕ್ಕದಲ್ಲೇ ಸರ್ಕಾರದ ಬೀಳು ಭೂಮಿ ಬಿದ್ದಿದೆ. ರಸ್ತೆಯನ್ನು ಎಂಬತ್ತು ಅಡಿ ಅತ್ತ ಸರಿಸಿದರೆ ದೇಶದ ವೇಗವೇನೂ ಕುಂದುವುದಿಲ್ಲ.

ಬಾವಿ ಅಳಿಸಿದವನು ನಾನೇ ಎಂದು ನಿನ್ನೆ ಭರಮವ್ವನ ಎದುರಿಗೇ ಖಾಲಾಗೆ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ಅವರು ಭರಮವ್ವನ ಕಡೆ ತಿರುಗಿ ಹೇಳಿದರು: "ಸೋಮವಾರ ಲಗೂನ ಬಾರವ್ವ. ಅವ್ರು ಬರೂದ್ರಾಗ ಎರಡು ಕೊಡ ಸೇದಿ ಇಡೂಣು. ಬಾವಿ ಮುಚ್ಚೂ ಮಂದಿಗೂ ನೀರಡಿಕಿ ಆಗ್ತೈತಲ್ಲ."

ಆದೇಶ ರದ್ದು ಮಾಡುವ ಮನಸ್ಸಿಲ್ಲದಿದ್ದರೆ ಸೋಮವಾರ ತಾವೇ ಬನ್ನಿ. ಆ ಕೊಡದ ನೀರು ಕುಡಿದು, ಬಾವಿ ಇಲ್ಲವೆಂದು ಅವರ ಮುಖ ನೋಡಿ ಹೇಳಿ. ನಾನು ಕ್ಯಾಮೆರಾ ತರುತ್ತೇನೆ. ಈ ಸಲ ಏನನ್ನೂ ಅಳಿಸುವುದಿಲ್ಲ.

ಇಂತಿ,
ಖಾಲಾನ ಬಾವಿಯನ್ನು ತಮಗಿಂತ ಮೊದಲೇ ಮುಚ್ಚಿದವನು,
ರಫೀಕ್
ಫೋಟೊ ಸ್ಟುಡಿಯೊ, ಬ್ಯಾಡಗಿ